ಕೊಟ್ಟವರ ಮಾತಿನ ಕಾವಲು

ಬೆಳಕು ಇನ್ನೂ ಕಿಟಕಿಯ ಸರಳುಗಳಾಚೆಗೇ ನಿಂತಿದೆ. ಫಿನಾಯಿಲಿನಲ್ಲಿ ಆಗಷ್ಟೇ ಒರೆಸಿದ ಆಸ್ಪತ್ರೆಯ ಪಡಸಾಲೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಕಾಣಿಕೆ ಡಬ್ಬಿಯ ಬೀಗಕ್ಕೆ ಕೀಲಿಕೈ ತೂರಿಸುತ್ತಾರೆ. ತಿರುಗಿಸುವುದಿಲ್ಲ, ಕಾಯುತ್ತಾರೆ. ಡಬ್ಬಿ ತೆರೆಯುವಾಗ ರೋಗಿಯ ಕಡೆಯವರೊಬ್ಬರು ಪಕ್ಕದಲ್ಲಿರಬೇಕು. ಇದು ಅವರೇ ಹಾಕಿಕೊಂಡ ನೇಮ.

“ನಾನು ಎಣಿಸೋದನ್ನ ಆಫೀಸಿನವ್ರು ನೋಡಿದ್ರೆ ಏನು ಬಂತು? ದುಡ್ಡು ಬೇಕಾಗಿರೋರು ನೋಡ್ಬೇಕು.”

ಆಸ್ಪತ್ರೆಯ ದಾನನಿಧಿಯನ್ನು ಹದಿನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಇವರನ್ನು ಆಯಾಗಳಿಂದ ವೈದ್ಯರವರೆಗೆ ಎಲ್ಲರೂ ‘ಬೀಗದಕ್ಕ’ ಎಂದೇ ಕರೆಯುತ್ತಾರೆ. ಆ ಹೆಸರಲ್ಲಿ ಪ್ರೀತಿಯೂ ಇದೆ, ತುಸು ಸಿಟ್ಟೂ ಇದೆ.

ಇವತ್ತು ಪಕ್ಕದಲ್ಲಿ ನಿಂತವನು ಗೋಡೆಗೆ ಬಣ್ಣ ಬಳಿಯುವವನು. ಜೊತೆಗೇ ದುಡಿಯುವ ಹೆಂಡತಿ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಾಳೆ. ಒಳಗೆ ಸ್ಟೀಲಿನ ರಾಡು ಕೂರಿಸಬೇಕು. ಮೂಳೆ ಡಾಕ್ಟರು ಬರುವುದು ವಾರಕ್ಕೊಂದೇ ದಿನ, ಅದು ಇವತ್ತು. ತಪ್ಪಿದರೆ ಕಾಲು ಗಿಡ್ಡವಾಗಿ ಉಳಿದೀತು. ಮತ್ತೆ ಏಣಿ ಹತ್ತುವ ಮಾತಿಲ್ಲ. ರಾಡಿಗೆ ಹದಿನೆಂಟು ಸಾವಿರ. ಈಗ ಎಣಿಸಿದ ಡಬ್ಬಿಯ ಹಣವೂ ಸೇರಿ, ಯಾವ ರೋಗಿಗಾದರೂ ಕೊಡಬಹುದಾದ ಸಾಮಾನ್ಯ ನಿಧಿಯಲ್ಲಿರುವುದು ಏಳು ಸಾವಿರ.

ರಾತ್ರಿ ಪಾಳಿ ಮುಗಿಸಿದ ವೈದ್ಯರು ಅಲ್ಲೇ ನಿಲ್ಲುತ್ತಾರೆ. “ಬೀಗದಕ್ಕಾ, ಸುಟ್ಟಗಾಯದ ನಿಧೀಲಿ ನಾಲ್ಕು ಲಕ್ಷ ಸುಮ್ನೆ ಕೂತಿದೆ. ಅದ್ರಲ್ಲಿ ಎತ್ಕೊಡಿ, ಆಮೇಲೆ ತುಂಬಿದ್ರಾಯ್ತು.”

“ಕೊಟ್ಟೋರನ್ನ ಕೇಳ್ತೀನಿ, ಇರಿ ಡಾಕ್ಟ್ರೇ.”

ಕೊಟ್ಟವರು ಬೇಕರಿಯ ಯಜಮಾನರು. ಒಲೆಯ ಬೆಂಕಿ ತಗುಲಿ ಮಗಳು ಇದೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಅಕ್ಕ ಫೋನಿನಲ್ಲಿ ಏನನ್ನೂ ಮುಚ್ಚದೆ ಹೇಳುತ್ತಾರೆ. ಅವರು ಕೊನೆಯವರೆಗೂ ಕೇಳಿಸಿಕೊಳ್ಳುತ್ತಾರೆ. ಆಮೇಲೆ, “ಬೇಡಮ್ಮ. ಅದು ನನ್ನ ಮಗಳ ಹೆಸರಿಂದು. ಸುಟ್ಟು ಬಂದೋರಿಗೇ ಇರ್ಲಿ.”

“ಆಯ್ತು ಯಜಮಾನ್ರೇ.”

ಬಣ್ಣದವನು ಅಕ್ಕನ ಕಡೆ ತಿರುಗುತ್ತಾನೆ. “ಇನ್ನೊಂದ್ಸಲ ಕೇಳ್ಬೋದಿತ್ತು ಅಕ್ಕಾ.”

“ಕೇಳ್ಬೋದಿತ್ತಪ್ಪ. ಮಗಳನ್ನ ಕಳ್ಕೊಂಡೋರನ್ನ ಎರಡನೇ ಸಲ ಕೇಳಿದ್ರೆ ಕಿತ್ಕೊಂಡ ಹಾಗೆ.”

ಈ ಬಿಗಿ ಸುಮ್ಮನೆ ಬಂದದ್ದಲ್ಲ. ಅಕ್ಕ ಬಿಲ್ ಕೌಂಟರಿನಲ್ಲಿದ್ದ ಕಾಲದಲ್ಲಿ, ಮಕ್ಕಳ ವಾರ್ಡಿಗೆಂದು ಬಂದ ಹಣದಲ್ಲಿ ಹಿಂದಿನ ವ್ಯವಸ್ಥಾಪಕರು ಕಟ್ಟಡದ ಮುಂಭಾಗಕ್ಕೆ ಟೈಲ್ಸ್ ಹಾಕಿಸಿದರು. ಕದ್ದದ್ದಲ್ಲ, ಆಸ್ಪತ್ರೆಗೇ ಹಾಕಿದ್ದು. ಆದರೆ ಸುದ್ದಿ ಹೊರಬಿತ್ತು, ಕೊಡುವ ಕೈಗಳು ಹಿಂದೆ ಸರಿದವು. ಎರಡು ವರ್ಷ ನಿಧಿ ಬರಿದು. “ವಾಸಿಯಾಗೋ ಮಕ್ಕಳನ್ನ ಹೆತ್ತೋರು ದುಡ್ಡಿಲ್ದೆ ಅರ್ಧದಲ್ಲೇ ಹೆಗಲಿಗೆ ಹಾಕ್ಕೊಂಡು ಹೋಗ್ತಿದ್ರು. ಡಿಸ್ಚಾರ್ಜ್ ಚೀಟಿ ಬರೀತಿದ್ದಿದ್ದು ನಾನೇ,” ಎನ್ನುತ್ತಾರೆ ಅಕ್ಕ.

ಈಗ ತಿಂಗಳಿಗೆ ನಲವತ್ತರಷ್ಟು ರೋಗಿಗಳಿಗೆ ನಿಧಿ ನೆರವಾಗುತ್ತದೆ. ಆಫೀಸಿನ ಖರ್ಚಿಗೆ ಅದರಿಂದ ಬಿಡಿಗಾಸೂ ಇಲ್ಲ. ನೆರವು ಕೇಳಿ ಬಂದವರಿಗೆ ಟೀ ಕೂಡ ಅಕ್ಕನ ಸ್ವಂತ ದುಡ್ಡಿನಿಂದಲೇ.

ಏಳು ಗಂಟೆಗೆ ಅಕ್ಕ ಮತ್ತೆ ಫೋನು ಹಿಡಿಯುತ್ತಾರೆ, ಈ ಸಲ ರಾಡು ಮಾರುವ ಅಂಗಡಿಗೆ. “ಏಳು ಸಾವಿರ ಈಗ. ಉಳಿದ ಹನ್ನೊಂದು ಒಂದನೇ ತಾರೀಖಿಗೆ, ಗಿರಣಿ ಕೆಲಸಗಾರರ ತಿಂಗಳ ಚಂದಾ ಬಂದ ದಿನ.”

“ಹನ್ನೊಂದು ಅವತ್ತೇ ಬರುತ್ತಾ?” ಎಂದು ಬಣ್ಣದವನು ಪಿಸುಗುಟ್ಟುತ್ತಾನೆ.

“ಇಪ್ಪತ್ತು ಬರುತ್ತೆ. ಬರೋದು ಗೊತ್ತಿಲ್ದೆ ನಾನು ಬಾಯಿ ಬಿಡಲ್ಲಪ್ಪ.”

ಅಂಗಡಿಯವನ ನಗು ಫೋನಿನಾಚೆಯಿಂದ ಕೇಳಿಸುತ್ತದೆ. “ನೀವು ಒಂದಿನಾನೂ ತಡ ಮಾಡ್ದೋರಲ್ಲ. ಹುಡುಗನ್ನ ಕಳಿಸ್ದೆ, ಆಗ್ಲೇ ಗಾಡಿ ಹತ್ತಿದಾನೆ.”

ಒಂಬತ್ತೂವರೆಗೆ ಸ್ಟ್ರೆಚರ್ ಆಪರೇಷನ್ ಕೋಣೆಯತ್ತ ಹೊರಡುತ್ತದೆ. ಗಂಡ ಕೈ ಹಿಡಿದು ಜೊತೆಗೆ ನಡೆಯುತ್ತಾನೆ. ಮಲಗಿದವಳು ನೋವಿನಲ್ಲೂ ಬಿಡುವುದಿಲ್ಲ: “ಅವತ್ತು ಏಣಿ ಹಿಡ್ಕೋ ಅಂದ್ರೆ ಬೀಡಿ ಹಿಡ್ಕೊಂಡಿದ್ದೆ. ಈಗ ನೋಡು, ಎಷ್ಟು ಗಟ್ಟಿ ಹಿಡಿದಿದೀಯ!” ಆಯಾಗಳು ನಗುತ್ತಾರೆ. ಅವನು ಮಾತ್ರ ಅಳುತ್ತಾನೆ.

ಬಾಗಿಲು ಮುಚ್ಚಿದ ಮೇಲೆ, ನಿಮಗೇನು ಆಸೆ ಎಂದು ಕೇಳಿದರೆ ಅಕ್ಕ ಸೆರಗಿನಿಂದ ಕನ್ನಡಕ ಒರೆಸುತ್ತಾರೆ.

“ಮುಂದಿನ ವರ್ಷ ನನ್ನ ಸರ್ವೀಸು ಮುಗಿಯುತ್ತೆ. ಆಮೇಲೆ ಈ ಜಾಗಕ್ಕೆ ಬರೋರು ಫೋನ್ ಮಾಡಿದಾಗ್ಲೂ ಆ ಅಂಗಡಿಯವ್ರು ಹಿಂಗೇ ಗಾಡಿ ಹತ್ತಿಸ್ಬೇಕು. ಯಾರು ಮಾತಾಡ್ತಿರೋದು ಅಂತ ಕೇಳ್ಬಾರ್ದು.”