ಮಾವನ ಅಂಗಡಿಗೆ ಬರೆದ ಬೋರ್ಡು

ನಾನು ಬರೆದ ಚಿತ್ರವನ್ನು ಯಾರಾದರೂ ನಿಂತು ನೋಡಿದರೆ ನನಗೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ನೋಡದೆ ಹೋದರೂ ಹೊಡೆದುಕೊಳ್ಳುತ್ತದೆ. ಸೋಪಿಗೂ ಬೀಡಿಗೂ ತಲೆನೋವಿನ ಮಾತ್ರೆಗೂ ಪೋಸ್ಟರು ಬರೆದು ಹೊಟ್ಟೆ ಹೊರೆಯುವ ಮನುಷ್ಯ ಇಂಥದ್ದನ್ನು ಬಾಯಿಬಿಟ್ಟು ಹೇಳಬಾರದು, ನಿಜ. ಆದರೂ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ನನ್ನ ಪೋಸ್ಟರು ಗೋಡೆಗೆ ಹತ್ತಿದ ದಿನ ನಾನು ಆ ಬೀದಿಯಲ್ಲಿ ಓಡಾಡುವುದಿಲ್ಲ. ಓಡಾಡಲೇಬೇಕಾಗಿ ಬಂದರೆ ಎದುರು ಸಾಲಿನಲ್ಲಿ ತಲೆ ತಗ್ಗಿಸಿಕೊಂಡು ಹೋಗುತ್ತೇನೆ. ಈ ರೋಗ ನನಗೆ ಅಂಟಿದ್ದು ಕಲ್ಯಾಣದುರ್ಗದಲ್ಲಿ.

ಹಿಂದೂಪುರದಲ್ಲಿ ನಮ್ಮದು ಹುಣಸೆಹಣ್ಣಿನ ಮಂಡಿ. ಹಿರಿಯ ಮಗ ಮೀಸೆ ಬರುತ್ತಲೇ ಮಂಡಿಯ ಗಾದಿಯ ಮೇಲೆ ಕೂರುವುದು ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟೇ ಸಹಜವೆಂದು ಎಲ್ಲರೂ ತಿಳಿದಿದ್ದರು. ನಾನು ಮಾತ್ರ ಹಟ ಹಿಡಿದು ಮದರಾಸಿಗೆ ಹೋಗಿ ಕಲಾಶಾಲೆಯಲ್ಲಿ ಕಮರ್ಷಿಯಲ್ ಆರ್ಟ್ ಎಂಬ ವಿದ್ಯೆಗೆ ಸೇರಿದೆ. ಅದೇನೆಂದು ಊರಿನವರಿಗೆ ವಿವರಿಸುವುದು ಆ ವಿದ್ಯೆಗಿಂತ ಕಷ್ಟವಾಗಿತ್ತು. ಪಕ್ಕದ ಮಂಡಿಯ ಯಜಮಾನರು ಒಂದು ದಿನ ನನ್ನನ್ನು ನಿಲ್ಲಿಸಿ, "ಬೋರ್ಡ್ ಬರೆಯೋದ್ನ ಕಲಿಯಾಕೆ ಮದ್ರಾಸ್‌ಗ್ಯಾಕಪ್ಪ ಹೋಗ್ಬೇಕು? ನಮ್ ಮಾಬು ಲಾರಿ ಮ್ಯಾಲೆ ಬರೀತಾನಲ್ಲ, ಅವ್ನು ಯಾವ್ ಕಾಲೇಜ್‌ಗೆ ಹೋಗಿದ್ದ?" ಎಂದು ಕೇಳಿದರು.

ಮದರಾಸಿನಲ್ಲಿ ನಮ್ಮ ಮೇಷ್ಟ್ರು ಮೊದಲು ಕೊಟ್ಟ ಪಾಠ ಒಂದು ನಕ್ಷೆ. ನಿಮ್ಮೂರ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದ ಪರಸ್ಥಳದವನು ಯಾರನ್ನೂ ಕೇಳದೆ ನಿಮ್ಮ ಮನೆ ಸೇರಬೇಕು, ಹಾಗೆ ಬರೆಯಿರಿ ಎಂದರು. ಯಾರನ್ನೂ ಕೇಳದೆ ಹಿಂದೂಪುರದಲ್ಲಿ ಮನೆ ಹುಡುಕುವುದೇ ಅವಮರ್ಯಾದೆ! ಆದರೂ ಬರೆದೆ. ಬೇವಿನ ಮರ, ಬೆಲ್ಲದ ಅಂಗಡಿ, ಅದರ ಮುಂದೆ ಸದಾ ಮಲಗಿರುವ ಕುಂಟು ನಾಯಿ, ನೀರು ಸಿಹಿಯಾಗಿರುವ ಬಾವಿ, ಉಪ್ಪಾಗಿರುವ ಬಾವಿ, ಒಂದನ್ನೂ ಬಿಡಲಿಲ್ಲ. ಮೇಷ್ಟ್ರು ರಬ್ಬರು ತೆಗೆದುಕೊಂಡು ನಾಯಿಯಿಂದ ಶುರುಮಾಡಿ ಎಲ್ಲವನ್ನೂ ಅಳಿಸಿದರು. ಕೊನೆಗೆ ಉಳಿದದ್ದು ಎರಡು ಗೆರೆ, ಒಂದು ತಿರುವು. ಬೇಕಾದ್ದನ್ನು ಹೇಳು, ಬೇಡದ್ದಕ್ಕೆ ಖಾಲಿ ಜಾಗ ಬಿಡು, ಆಗ ಮಾತ್ರ ನೋಡುವವನ ಕಣ್ಣು ನೀನು ಹೇಳಿದ ಕಡೆ ಹೋಗುತ್ತದೆ ಎಂದರು. ದಾರಿಯಲ್ಲಿ ಹೋಗುವವನು ಎತ್ತಿದ ಕಾಲನ್ನು ಕೆಳಗಿಡುವುದರೊಳಗೆ ಪೋಸ್ಟರು ಅವನನ್ನು ನಿಲ್ಲಿಸಬೇಕು ಎಂಬುದು ಅವರ ಇನ್ನೊಂದು ಮಾತು. ನಾನು ಅವೆರಡನ್ನೂ ವಿಭೂತಿಯ ಹಾಗೆ ಹಣೆಗೆ ಹಚ್ಚಿಕೊಂಡು ಬೇಸಿಗೆ ರಜಕ್ಕೆ ಊರಿಗೆ ಬಂದೆ.

ಬಂದರೆ ಅಪ್ಪನ ಮುಖ ಬಿಗಿದಿತ್ತು. ಮಂಡಿ ನೋಡಿಕೊಳ್ಳಲು ಜನ ಸಾಲದು, ಮಗ ಬಣ್ಣದಲ್ಲಿ ಆಡುತ್ತಿದ್ದಾನೆ ಎಂದು ನಾಲ್ಕು ಜನ ಅವರ ಕಿವಿ ಊದಿದ್ದರು. ಯುದ್ಧಕಾಲದಲ್ಲಿ ಸರ್ಕಾರ ಬಟ್ಟೆಗೆ ಹಾಕಿದ್ದ ಕಂಟ್ರೋಲು ಸಡಿಲವಾದ ಹೊಸತು. ಕಲ್ಯಾಣದುರ್ಗದಲ್ಲಿ ನನ್ನ ಸೋದರತ್ತೆಯ ಗಂಡ ಚೆನ್ನಬಸಪ್ಪ ಮಾವ ಜವಳಿ ಅಂಗಡಿ ತೆರೆಯುವವರಿದ್ದರು. ಅಪ್ಪ ಹೆಚ್ಚು ಮಾತಿನವರಲ್ಲ. "ಮಾವನ ಅಂಗ್ಡಿಗೆ ಬೋರ್ಡು ನೀನೇ ಬರಿ. ಅದನ್ನ ನೋಡಿ ಜನ ಒಳೀಕೆ ಬಂದ್ರೆ ಮದ್ರಾಸಿಗೆ ಹೋಗು. ಬರ್ಲಿಲ್ಲಾಂದ್ರೆ ಮಂಡೀಲಿ ಕೂತ್ಕೊ. ಆಮ್ಯಾಕೆ ಮಾತಿಲ್ಲ" ಎಂದರು. ನನ್ನ ಪರೀಕ್ಷೆಯನ್ನು ಕಲಾಶಾಲೆಯವರು ನಡೆಸುತ್ತಾರೆಂದು ನಾನು ತಿಳಿದಿದ್ದೆ.

ಮಾವನ ಹಿತ್ತಲ ಕೊಟ್ಟಿಗೆಯಲ್ಲಿ ದೊಡ್ಡ ತಗಡು ಹಾಕಿಕೊಂಡು ಕೂತೆ. ಬಲಗಡೆ ಒಬ್ಬ ಹೆಂಗಸು ಹೊರಳಿ ನೋಡುತ್ತಿದ್ದಾಳೆ. ಅವಳ ಕೆಂಪು ಸೀರೆಯ ಸೆರಗು ಗಾಳಿಗೆ ಹಾರಿ ಅಂಗಡಿಯ ಹೆಸರಿನವರೆಗೆ ಬಂದಿದೆ. ಎಡಗಡೆ ಅರ್ಧ ತಗಡು ಬರೀ ನಿಂಬೆ ಬಣ್ಣ. ಮಾವ ಬಂದು ನೋಡಿದರು. ಹಿಂದೆ ಸರಿದು ನೋಡಿದರು. "ಅಲ್ಲ ಕಣಪ್ಪ, ಅರ್ಧ ಖಾಲಿ ಬಿಟ್ಟಿದ್ದೀಯಲ್ಲ, ಬಣ್ಣ ಸಾಲ್ದೆ ಹೋಯ್ತಾ? ತರುಸ್ಕೊಡ್ತೀನಿ."

"ಇಲ್ಲ ಮಾವ, ಬೇಕೂಂತಲೇ ಬಿಟ್ಟಿದ್ದು."

"ಬೇಕೂಂತ ಯಾರಾನ ಬಿಟ್ಟಾರಾ? ಪಂಚೆ ಐತೆ, ಟವಲ್ ಐತೆ, ಕಂಬ್ಳಿ ಐತೆ, ನಮ್ಮಪ್ಪನ ಹೆಸ್ರೈತೆ. ಬಸವಣ್ಣನ್ನಾದ್ರೂ ಒಂದ್ ಕಡೆ ಕೂರ್ಸು."

ದೇವರನ್ನು ಬೇಡವೆನ್ನುವುದು ಎಷ್ಟು ಕಷ್ಟವೆಂದು ಆವತ್ತು ಅರಿತೆ. ಆದರೂ ಬಗ್ಗಲಿಲ್ಲ. ಮಾವ ಗೊಣಗುತ್ತಾ ಹೋದರು. ನಾನು ಧೈರ್ಯವಂತನೆಂದು ನೀವು ತಿಳಿಯಬೇಡಿ. ಮಾವನ ಮೇಲೊಂದು ಕಣ್ಣಿಟ್ಟು ಬರೆದದ್ದಕ್ಕೆ ಹೆಂಗಸಿನ ಹುಬ್ಬು ಒಂದು ನೂಲಿನಷ್ಟು ಮೇಲೇರಿತ್ತು. ಅವಳು ಕೊನೆಯವರೆಗೂ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದಳು.

ಅಂಗಡಿ ತೆರೆಯುವ ಬೆಳಿಗ್ಗೆ ಪೂಜೆ ಮುಗಿಯಿತು, ಬೋರ್ಡಿಗೆ ಹೊದಿಸಿದ್ದ ಪಂಚೆ ಎಳೆದರು. ನಾನೂ ಅಪ್ಪನೂ ಎದುರಿನ ಕಟ್ಟೆಯ ಮೇಲೆ ಕೂತಿದ್ದೆವು. ಸಂತೆಯ ದಿನ. ಮೊದಲು ಒಬ್ಬ ನಿಂತ, ಆಮೇಲೆ ನಾಲ್ಕು ಜನ, ಆಮೇಲೆ ಬೀದಿಯೇ ನಿಂತಿತು. "ಏಮಬ್ಬಾ ಈ ಬೊಮ್ಮ! ನನ್ನೇ ಚೂಸ್ತಾ ಉಂದಿ" ಎಂದು, ಬೊಂಬೆ ತನ್ನನ್ನೇ ನೋಡುತ್ತಿರುವುದಕ್ಕೆ ಬೆರಗಾದ ಒಬ್ಬ ಮುದುಕ ಆ ಕಡೆಯಿಂದ ಈ ಕಡೆಗೆ ನಡೆದು, ಚಿತ್ರದ ಹೆಂಗಸು ಅಲ್ಲಿಗೂ ನೋಡುತ್ತಾಳೋ ಎಂದು ಪರೀಕ್ಷಿಸಿದ. ನನ್ನ ಮೇಷ್ಟ್ರು ಅಲ್ಲಿದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ನಾನು ಜನರ ಕಣ್ಣು ನೋಡುತ್ತಿದ್ದೆ. ಅಪ್ಪ ಅವರ ಕಾಲು ನೋಡುತ್ತಿದ್ದರು. ಒಂದು ಕಾಲೂ ಹೊಸ್ತಿಲು ದಾಟಿರಲಿಲ್ಲ.

ಹೊತ್ತು ಏರಿತು. ಒಳಗೆ ಗಾದಿಯ ಮೇಲೆ ಕೂತ ಮಾವ ಬೆವರು ಒರೆಸಿಕೊಳ್ಳುವುದು ನಾವು ಕೂತ ಕಟ್ಟೆಗೇ ಕಾಣುತ್ತಿತ್ತು. ಜನ ನೋಡುತ್ತಾರೆ, ತಲೆದೂಗುತ್ತಾರೆ, ಹಾಗೇ ನಿಲ್ಲುತ್ತಾರೆ. ನಿಲ್ಲಿಸುವುದನ್ನು ಮೇಷ್ಟ್ರು ಕಲಿಸಿದ್ದರು. ನಿಂತವರನ್ನು ಮತ್ತೆ ನಡೆಸುವುದು ಮುಂದಿನ ವರ್ಷದ ಪಾಠವಿರಬೇಕು. ನನಗೆ ಮುಂದಿನ ವರ್ಷವೇ ಇಲ್ಲವೆಂಬುದು ಖಚಿತವಾಗುತ್ತಿತ್ತು. ಅಷ್ಟರಲ್ಲಿ ಬೆಳುಗುಪ್ಪದ ಕಡೆಯ ಕಡಲೆಕಾಯಿ ಗಾಡಿಯೊಂದು ಬಂತು. ಹೊಡೆಯುವವನು ಬೋರ್ಡಿಗೆ ಕಣ್ಣು ನೆಟ್ಟವನು ಹಗ್ಗ ಎಳೆಯುವುದನ್ನೇ ಮರೆತ. ಗಾಡಿಯ ಚಕ್ರ ಅಂಗಡಿಯ ಮುಂದೆ ಹಾಕಿದ್ದ ಚಪ್ಪರದ ಕಂಬಕ್ಕೆ ತಗುಲಿ, ಅರ್ಧ ಚಪ್ಪರ ಗರಿಗಳ ಸಮೇತ ಹೊಸ್ತಿಲ ಮುಂದೆ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಬೀದಿಗೆ ಬೀದಿಯೇ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು.

ನಮ್ಮ ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕೂಸಿನ ಕೆನ್ನೆಗೆ ಕಪ್ಪು, ಕಡಲೆಕಾಯಿ ಹೊಲಕ್ಕೆ ಸುಣ್ಣದ ಬೊಟ್ಟಿನ ಮಡಕೆ, ಹೊಸ ಮನೆಗೆ ಬೂದುಗುಂಬಳ. ಚೆನ್ನಾಗಿರುವುದರ ಮೇಲೆಲ್ಲ ಒಂದು ಕುಂದು ಇಟ್ಟು ಕಾಪಾಡಿಕೊಳ್ಳುವ ಜನ ನಾವು. ಮದರಾಸಿನ ವಿದ್ಯೆ ಕಣ್ಣು ಬೀಳಲಿ ಅನ್ನುತ್ತದೆ, ಮನೆಯ ವಿದ್ಯೆ ಬೀಳದಿರಲಿ ಅನ್ನುತ್ತದೆ. ಕುಂದೇ ಇಲ್ಲದ ಬೋರ್ಡನ್ನು ಬೀದಿಗೆ ಬೀದಿಯೇ ನೋಡಿತ್ತು. ಈಗ ಚಪ್ಪರ ಬೇರೆ ಬಿತ್ತು. ಇದು ಯಾರ ಕಣ್ಣು? ಮೊದಲು ಒಳಗೆ ಹೋದವನ ತಲೆಗೇ ದೃಷ್ಟಿ ಹಾಕಿದವನೆಂಬ ಮಾತು ಬರುತ್ತದೆ. ಒಬ್ಬೊಬ್ಬರೇ ಬೋರ್ಡಿನ ಕಡೆ ಬೆನ್ನು ಮಾಡಿ ಸರಿಯತೊಡಗಿದರು.

ಆಗ ಬಸಮ್ಮತ್ತೆ ಹೊರಗೆ ಬಂದಳು. ಮಾವನ ಹೆಂಡತಿ, ನನ್ನ ಅಪ್ಪನ ಅಕ್ಕ. ಮೈಕೈ ತುಂಬಿದ ಹೆಂಗಸು. ಒಂದು ಕೈಯಲ್ಲಿ ಒಬ್ಬಟ್ಟಿನ ಹೆಂಚು, ಇನ್ನೊಂದು ಕೈಯಲ್ಲಿ ಹರಳೆಣ್ಣೆಯ ಬಟ್ಟಲು. ಬೆಂಚಿನ ಮೇಲೆ ಸ್ಟೂಲು ಇಡಿಸಿ ಹತ್ತಿದಳು. ಹೆಂಚಿನ ಬೆನ್ನಿನ ಮಸಿಗೆ ಎಣ್ಣೆ ಸುರಿದು ಅಂಗೈಯಲ್ಲಿ ತಿಕ್ಕುವುದನ್ನು ಕಂಡಾಗ ನನಗೆ ಹೊಳೆಯಿತು.

"ಅತ್ತೇ, ಬ್ಯಾಡ!" ಎಂದು ಬೀದಿ ದಾಟಿ ಓಡಿದೆ.

"ಸುಮ್ಕಿರ್ಲಾ! ಇಂಥಾ ಚೆಂದಾಗ್ ಬರ್ದು ಹಂಗೇ ಬಿಟ್ಬುಟ್ರೆ ಉಳ್ದಾತಾ?" ಎಂದು ನನ್ನ ನಿಂಬೆ ಬಣ್ಣದ ಖಾಲಿ ಜಾಗದಲ್ಲಿ, ಸರಿಯಾಗಿ ಎಲ್ಲಿ ಏನೂ ಇರಬಾರದೋ ಅಲ್ಲಿ, ಅಂಗೈಯಗಲ ಕಪ್ಪು ಬೊಟ್ಟು ಒತ್ತಿದಳು. ಎಣ್ಣೆ ಒಂದು ಗೆರೆಯಾಗಿ ಕೆಳಗೆ ಇಳಿಯಿತು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ನನ್ನ ವಿದ್ಯೆ, ಮದರಾಸು, ಮುಂದಿನ ಬದುಕು ಎಲ್ಲದಕ್ಕೂ ಮಸಿ ಬಳಿದಂತಾಯಿತು.

ಹಿಂದೆ ಯಾರೋ ಹೆಂಗಸು ನಿಟ್ಟುಸಿರು ಬಿಟ್ಟು, "ಇಪ್ಪುಡು ಸರಿಪೋಯಿಂದಿ, ಪದಂಡಿ ಲೋಪಲಿಕಿ" ಅಂದಳು. ಈಗ ಸರಿಹೋಯಿತು, ಒಳಗೆ ನಡೆಯಿರಿ ಎಂದು ಜೊತೆಯವರನ್ನು ಕರೆದುಕೊಂಡು ಬಿದ್ದ ಗರಿಗಳನ್ನು ದಾಟಿ ಒಳಗೆ ಹೋದಳು. ಅವಳ ಹಿಂದೆ ಮುದುಕ. ಮುದುಕನ ಹಿಂದೆ ಗಾಡಿ ಹೊಡೆಯುವವನೂ ಹೋದ. ಮಧ್ಯಾಹ್ನದ ಹೊತ್ತಿಗೆ ಮಾವನಿಗೆ ಊಟಕ್ಕೆ ಏಳಲು ಬಿಡುವಿರಲಿಲ್ಲ.

ಸಂಜೆ ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಅಪ್ಪನೂ ನಾನೂ ಹಿಂದೂಪುರಕ್ಕೆ ಹೊರಟೆವು. ನಾನು ಮಂಡಿಯ ಗಾದಿಯನ್ನು, ಅದರ ಹುಳಿ ವಾಸನೆಯನ್ನು ಮನಸ್ಸಿನಲ್ಲೇ ಒಪ್ಪಿಕೊಳ್ಳುತ್ತಾ ಕೂತಿದ್ದೆ. ಪೆನುಗೊಂಡ ದಾಟಿದ ಮೇಲೆ ಅಪ್ಪ ಕೇಳಿದರು: "ಜನ ಒಳೀಕೆ ಬಂದಿದ್ದು ನಿನ್ ಬೋರ್ಡಿಂದ್ಲಾ, ಅಕ್ಕನ್ ಬೊಟ್ಟಿಂದ್ಲಾ?"

ಬೋರ್ಡಿಂದ ಎಂದು ಬಿಡಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. "ಗೊತ್ತಿಲ್ಲಪ್ಪ" ಎಂದೆ.

ಅಪ್ಪ ನನ್ನ ಕಡೆ ತಿರುಗಿದರು. "ನಂಗೂ ಗೊತ್ತಾಗ್ಲಿಲ್ಲ ಕಣ್ಲಾ. ಹೋಗು, ಮದ್ರಾಸಿಗೋಗಿ ಅದನ್ನ ತಿಳ್ಕೊಂಡ್ ಬಾ. ತಿಳುದ್ಮ್ಯಾಕೆ ನಂಗೂ ಹೇಳು."

ಡಿಪ್ಲೊಮಾ ಕೈಗೆ ಬಂದು ಕೆಲವು ವರ್ಷಗಳಾದವು. ಊರಿಗೆ ಹೋದಾಗಲೆಲ್ಲ ಅಪ್ಪ, "ತಿಳೀತೇನ್ಲಾ?" ಎಂದು ಕೇಳುತ್ತಾರೆ. ಇನ್ನೂ ಇಲ್ಲ ಎನ್ನುತ್ತೇನೆ. ಮಂಡಿಯಲ್ಲಿ ಕೂರು ಎಂದು ಅವರು ಇವತ್ತಿನವರೆಗೂ ಹೇಳಿಲ್ಲ. ಓದುತ್ತಿರುವ ಹುಡುಗನಿಗೆ ಯಾಕೆ ತೊಂದರೆ ಕೊಡುವುದು ಎಂದು ಬಂದವರ ಹತ್ತಿರ ಹೇಳುತ್ತಾರಂತೆ.