ಬಿಳಿ ನೀರನ್ನು ನಂಬದ ಪ್ರಮೀಳಾ ಮೇಡಂ

ಕಾಲೇಜಿನ ಲ್ಯಾಬಿನಲ್ಲಿದ್ದ ಪುಟ್ಟ ಮಾದರಿ ಕಾಲುವೆಗೆ ಬಟ್ಟೆ ಒಗೆಯುವ ಸೋಪಿನ ಪುಡಿ ಸುರಿದವನು ನಾನೇ. ಒಂದು ಚಮಚ ಸಾಕಿತ್ತೇನೋ. ನಾನು ಧಾರಾಳಿ, ಪೊಟ್ಟಣವನ್ನೇ ಖಾಲಿ ಮಾಡಿದೆ. ನೊರೆ ಬಾಗಿಲು ದಾಟಿ, ಮೆಟ್ಟಿಲಿಳಿದು, ಪ್ರಿನ್ಸಿಪಾಲರ ಸ್ಕೂಟರನ್ನು ನುಂಗಿತು. ಮೂಡುಬಿದಿರೆಯಲ್ಲಿ ಹಿಮ ಬಿದ್ದ ಏಕೈಕ ದಿನ ಅದು.

ಕೈ ನನ್ನದಾದರೂ ಹುಚ್ಚು ಹಿಡಿಸಿದ್ದು ಪ್ರಮೀಳಾ ಮೇಡಂ. ನೀರಿನ ಹರಿವಿನ ಪಾಠ ಮಾಡುತ್ತಿದ್ದ ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಮಳೆ ಜೋರಾದರೆ ಪಾಠ ಅರ್ಧಕ್ಕೇ ಬಿಟ್ಟು ಕಿಟಕಿಗೆ ಓಡುವರು. ಒಮ್ಮೆ ಬಂಟ್ವಾಳದಿಂದ ಹೊರಟವರು ಚರಂಡಿ ನೋಡಲೆಂದೇ ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದರು. ಕೊಡೆ ಮಾತ್ರ ಬಸ್ಸಿನಲ್ಲಿ ಮುಂದೆ ಹೋಯಿತು.

"ನೀರು ಬೆಳ್ಳಗಾಯ್ತಾ, ಗಾಳಿ ನುಂಗಿದೆ ಅಂತ ಲೆಕ್ಕ," ಎನ್ನುತ್ತಿದ್ದರು. "ನೋಡ್ಲಿಕ್ಕೆ ಉಬ್ಬಿದ ಹಾಗೆ ಕಾಣ್ತದೆ. ಆದ್ರೆ ನೆಲ ಅದನ್ನು ಹಿಡಿದು ನಿಲ್ಲಿಸುದು ಕಮ್ಮಿ. ಮತ್ತೂ ಜೋರು ಓಡ್ತದೆ ಮಾರಾಯ."

ಬೆಳ್ತಂಗಡಿ ಕಡೆಯ ಒಂದು ಊರಲ್ಲಿ ಗುಡ್ಡದ ನೀರಿಳಿಸಲು ಕಡಿದಾದ ಹೊಸ ಕಾಲುವೆ ಕಟ್ಟಿದ್ದರು. ಬುಡದಲ್ಲಿ ನೀರಿನ ರಭಸ ತಗ್ಗಿಸುವ ಗುಂಡಿ, ಗುಂಡಿಯಾಚೆ ಅಂಗನವಾಡಿ. ಗುಂಡಿಯ ಉದ್ದ ಸಾಲದು, ನೀರು ಹಾರಿ ಮಕ್ಕಳ ಮೇಲೆ ಬಿದ್ದೀತು ಎಂಬುದು ಮೇಡಂ ಸಂಕಟ. ಅದನ್ನು ತೋರಿಸಲು ಊರವರನ್ನೂ ಗುತ್ತಿಗೆದಾರರನ್ನೂ ಲ್ಯಾಬಿಗೆ ಕರೆಸಿದ್ದರು. ಆದರೆ ಅಷ್ಟು ಪುಟ್ಟ ಮಾದರಿಯಲ್ಲಿ ನೀರು ಗಾಳಿಯನ್ನು ಹಿಡಿಯುವುದೇ ಇಲ್ಲ. ಗಾಜಿನ ಹಾಗೆ ಸುಮ್ಮನೆ ಇಳಿಯುತ್ತಿತ್ತು. ಬೆಳ್ಳಗಾಗಲೆಂದು ನಾನು ಸಹಾಯ ಮಾಡಿದೆ.

ಸೊಂಟದವರೆಗಿನ ನೊರೆಯಲ್ಲಿ ನಿಂತ ಗುತ್ತಿಗೆದಾರರು, ಇದಕ್ಕೆ ಗುಂಡಿ ಯಾಕೆ, ಬಟ್ಟೆ ಒಣಗಿಸಲು ಹಗ್ಗ ಕಟ್ಟಿದರೆ ಸಾಕು ಎಂದು ನಕ್ಕರು.

ಮೇಡಂ ನನಗೆ ಬಯ್ಯಲಿಲ್ಲ, ಪುರುಸೊತ್ತಿರಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು. ಎಲ್ಲರನ್ನೂ ಕಾಲೇಜಿನ ವ್ಯಾನಿಗೆ ಹತ್ತಿಸಿ ಆ ಕಾಲುವೆಯ ಬಳಿಗೇ ಕರೆದೊಯ್ದರು. ತಮ್ಮ ಒಂದು ಚಪ್ಪಲಿ ಕಳಚಿ, ಬುಸುಗುಟ್ಟುವ ಬಿಳಿ ನೀರಿಗೆಸೆದರು.

"ಓಡು, ಹಿಡಿ," ಎಂದರು ನನಗೆ.

ಓಡಿದೆ, ಜಾರಿದೆ, ಉಳಿದ ದಾರಿಯನ್ನು ಕುಂಡೆಯಲ್ಲೇ ಕ್ರಮಿಸಿದೆ. ಚಪ್ಪಲಿ ನೀರಿನೊಂದಿಗೆ ಗುಂಡಿ ಹಾರಿ ಅಂಗನವಾಡಿಯ ಜಾರುಬಂಡಿಯ ಬುಡದಲ್ಲಿ ಬಿತ್ತು. ಮಳೆಯ ರಜೆಯಾದ್ದರಿಂದ ಅಲ್ಲಿ ಮಕ್ಕಳಿರಲಿಲ್ಲ. ಈ ಸಲ ಯಾರೂ ನಗಲಿಲ್ಲ. ಗುತ್ತಿಗೆದಾರರು ಮೇಡಂ ಲೆಕ್ಕ ಹಾಕಿ ಕೊಟ್ಟ ಅಳತೆಗೆ ಗುಂಡಿ ಉದ್ದ ಮಾಡಿಸಿದರು.

ಹೋದ ವರ್ಷ ಮೇಡಂ ತೀರಿಕೊಂಡರು. ಈ ಮಳೆಗಾಲ ಮನೆಯಲ್ಲಿ ಕೂರಲಾಗದೆ ಅಲ್ಲಿಗೆ ಹೋದೆ. ನೀರು ಗುಂಡಿಯಲ್ಲೇ ಸುತ್ತಿ ಸುತ್ತಿ ತಣ್ಣಗಾಗುತ್ತಿತ್ತು. ಅಂಗನವಾಡಿ ಟೀಚರ್ ನನ್ನ ಪಕ್ಕ ಬಂದು ನಿಂತರು.

"ಜೋರು ಮಳೆ ಬಂದ್ರೆ ಮೇಡಂ ಬರ್ತಿದ್ರು. ಮಕ್ಕಳೆಲ್ಲ ಮನೆಗೆ ಹೋದ ಮೇಲೆಯೇ ಅವರು ಬಸ್ಸಿಗೆ ಹೋಗುದು. ಗುಂಡಿ ಸರಿ ಉಂಟಲ್ಲ ಮೇಡಂ, ಇನ್ನು ಎಂತಕ್ಕೆ ಹೆದರಿಕೆ ಅಂತ ನಾನೊಮ್ಮೆ ಕೇಳಿದೆ. 'ಲೆಕ್ಕ ಮಾಡಿದ್ದು ನಾನಲ್ವಾ ಟೀಚರೇ' ಅಂದ್ರು."