ಕುರ್ಚಿಯಕ್ಕನ ಎರಡು ಮಷಿನ್ನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಮಾಡಿನ ಆ ಮರಗೆಲಸದ ಶೆಡ್ಡಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ತಲೆಗೆ ಬಟ್ಟೆ ಬಿಗಿದುಕೊಂಡ ನಡುವಯಸ್ಸಿನ ಹೆಂಗಸೊಬ್ಬರು ನಿನ್ನೆ ಅಂಟು ಹಾಕಿ ಬಿಗಿದಿಟ್ಟ ಕುರ್ಚಿಯ ಕ್ಲಾಂಪುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದಾರೆ. ಕೊನೆಯದು ಬಿಚ್ಚಿದ್ದೇ ತಡ, ಕುರ್ಚಿಯನ್ನು ಹಿಂಗಾಲುಗಳ ಮೇಲೆ ವಾಲಿಸಿ, ಬೆನ್ನುಪಟ್ಟಿಯ ಮೇಲೆ ಎರಡೂ ಕೈ ಊರಿ ಮೈಭಾರವನ್ನೆಲ್ಲ ಬಿಡುತ್ತಾರೆ. ಕಿವಿ ಮರದ ಹತ್ತಿರ. ಸದ್ದಿಲ್ಲ. ಎದ್ದು ಒಂದು ಸುತ್ತು ಹಾಕಿ ಬಂದು ಮತ್ತೆ ವಾಲಿಸುತ್ತಾರೆ. ಆಗಲೂ ಸದ್ದಿಲ್ಲ. ಆದರೂ ಮುಖದ ಗಂಟು ಸಡಿಲವಾಗುವುದಿಲ್ಲ.

"ಸದ್ದು ಬಂದ್ರೆ ಭಯ. ಬರ್ಲಿಲ್ಲ ಅಂದ್ರೆ, ನನಗೆ ಕೇಳಿಸ್ಲಿಲ್ವೇನೋ ಅಂತ ಭಯ" ಎಂದು ನನ್ನ ಕಡೆ ನೋಡದೆಯೇ ಹೇಳುತ್ತಾರೆ.

ಬೀದಿಯವರಿಗೆ ಇವರು ಕುರ್ಚಿಯಕ್ಕ. ಕುರ್ಚಿ ಬಿಟ್ಟು ಮಂಚ, ಬಾಗಿಲು, ಕಪಾಟುಗಳನ್ನೂ ಮಾಡುತ್ತಾರೆ. ಆದರೆ ಹೆಸರು ಹತ್ತಿದ್ದು ಕುರ್ಚಿಯಿಂದ. ಶೆಡ್ಡು ಇವರ ಅಣ್ಣನದು. ಅಪ್ಪನ ಕಾಲದಲ್ಲಿ ಅದು ಬಾಗಿಲು, ಕಿಟಕಿ ಚೌಕಟ್ಟು ಮಾಡುವ ಜಾಗ. ಮದುವೆಯಾಗಿ ಎರಡು ಬೀದಿ ಆಚೆಗೆ ಹೋದ ಮಗಳು, ಅಪ್ಪ ಹಾಸಿಗೆ ಹಿಡಿದಾಗ ಕೈಯಾಸರೆಗೆಂದು ಬಂದವಳು, ಮತ್ತೆ ಮನೆಗೆಲಸವೊಂದಕ್ಕೇ ಹಿಂತಿರುಗಲಿಲ್ಲ. "ಗಂಡ ಬಸ್ ಓಡಿಸ್ತಾರೆ. ಹೊತ್ತು ಹುಟ್ಟೋ ಮುಂಚೆ ಹೋದ್ರೆ ಹೊತ್ತು ಮುಳುಗಿದ ಮೇಲೆ ಬರೋದು. ನಾನೊಬ್ಬಳೇ ಮನೇಲಿ ಗೋಡೆ ನೋಡ್ಕೊಂಡು ಕೂರ್ಲಾ?"

ಇವರು ಕೂರುವ ಜಾತಿಯವರೇ ಅಲ್ಲ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಮಾತಿನ ನಡುವೆ ಎದ್ದು ಹೋಗುತ್ತಾರೆ, ಪೆನ್ಸಿಲ್ ಹುಡುಕುತ್ತಾರೆ, ಅದು ಕಿವಿಯ ಮೇಲೇ ಇರುತ್ತದೆ. ಮೂಲೆಯಲ್ಲಿ ಒರಗಿಸಿಟ್ಟ ಹಲಗೆಯನ್ನು ಒಂದು ಬೆರಳಷ್ಟು ಆಚೆ ಸರಿಸುತ್ತಾರೆ, ತಿರುಗಿ ಬಂದು ಅದನ್ನೇ ಈಚೆ ಸರಿಸುತ್ತಾರೆ.

ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಎರಡು ಯಂತ್ರಗಳಿವೆ. ಎರಡರದ್ದೂ ಒಂದೇ ಚಹರೆ: ಹಿಂದೆ ಹಿಡಿಕೆ, ಮುಂದೆ ಚೌಕ ಮೂತಿ. ಮೂತಿಯನ್ನು ಮರಕ್ಕೆ ಒತ್ತಿದರೆ ಒಳಗಿನ ಅಲಗು ಗಿರಗಿರ ತಿರುಗುತ್ತ, ಜೊತೆಗೆ ಎಡಬಲ ಓಲಾಡುತ್ತ, ಚಪ್ಪಟೆ ತೂತೊಂದನ್ನು ಕೊರೆಯುತ್ತದೆ. ಇವರು ಅದನ್ನು ಕಂಡಿ ಅನ್ನುತ್ತಾರೆ. ಜೋಡಿಸಬೇಕಾದ ಎರಡೂ ಮರಕ್ಕೆ ಎದುರುಬದುರಾಗಿ ಕಂಡಿ ಕೊರೆದು, ನಡುವೆ ಚಪ್ಪಟೆ ಮರದ ಗೂಟಕ್ಕೆ ಅಂಟು ಹಚ್ಚಿ ತುರುಕಿ ಬಿಗಿದರೆ ಮೊಳೆಯೂ ಬೇಡ, ಸ್ಕ್ರೂವೂ ಬೇಡ. ಉಳಿ ಹಿಡಿದು ಅರ್ಧ ದಿನ ಕೆತ್ತುವ ಕೆಲಸ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ. ಎರಡು ಯಂತ್ರಗಳಿಗೂ ಇರುವ ವ್ಯತ್ಯಾಸ ಗಾತ್ರದ್ದು. ಒಂದು ಎತ್ತಿದರೆ ತೋಳು ಸೋಲುವಷ್ಟು ಭಾರ. ಇನ್ನೊಂದು ಅದರ ತಮ್ಮನ ಹಾಗಿದೆ.

ಮೊದಲು ಇದ್ದದ್ದು ದೊಡ್ಡದೊಂದೇ. ಬಾಗಿಲ ಚೌಕಟ್ಟುಗಳಿಗೆಂದು ಅಣ್ಣ ತಂದದ್ದು. ಆಮೇಲೆ ಕಬ್ಬಿಣದ ಬಾಗಿಲುಗಳ ಕಾಲ ಬಂತು, ಮರದ ಬಾಗಿಲು ಕೇಳುವವರು ಕಡಿಮೆಯಾದರು, ಶೆಡ್ಡು ಕುರ್ಚಿಗೆ ಹೊರಳಿತು. ಮಷಿನ್ನು ಮಾತ್ರ ಅದೇ ಉಳಿಯಿತು. "ಬಾಗಿಲನ್ನೇ ಹಿಡ್ಕೊಂಡಿರೋ ಗೂಟ ಕುರ್ಚೀನ ಹಿಡ್ಕೊಳಲ್ವಾ ಅಂತ ನಾವೂ ಅಂದ್ಕೊಂಡ್ವಿ. ದಪ್ಪ ಗೂಟ ಅಂದ್ರೆ ಗಟ್ಟಿ. ಯಾರನ್ನ ಕೇಳಿದ್ರೂ ಹಂಗೇ ಹೇಳ್ತಿದ್ರು" ಎನ್ನುತ್ತಾರೆ ಅಣ್ಣ. ಅವರದು ಅಗಲ ಮೈ, ನಿಧಾನ ಮಾತು.

ಪಕ್ಕದ ರಸ್ತೆಯ ಹೆರಿಗೆ ಆಸ್ಪತ್ರೆಯವರು ಕಾಯುವ ಕೋಣೆಗೆ ಮರದ ಕುರ್ಚಿಗಳನ್ನು ಮಾಡಿಸಿದರು. ಕುರ್ಚಿಗಳು ಹೋದವು, ಚೆನ್ನಾಗಿವೆ ಎಂಬ ಮಾತೂ ಬಂತು. ತಿಂಗಳುಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಆಸ್ಪತ್ರೆಯ ಆಯಾ ಏದುಸಿರು ಬಿಡುತ್ತ ಶೆಡ್ಡಿಗೆ ಓಡಿ ಬಂದರು. ತುಂಬು ಬಸುರಿಯೊಬ್ಬರು ಸುಸ್ತಾಗಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಾಗ, ಆಸನದ ಪಕ್ಕದ ಪಟ್ಟಿ ಹಿಂಗಾಲಿನ ಬಳಿ ಸೀಳಿ ಕುರ್ಚಿ ಮಗುಚಿತ್ತು.

"ಆಯಾಮ್ಮ ಹೇಳಿ ಮುಗಿಸೋಕೂ ನಾನು ಬಿಡ್ಲಿಲ್ಲ. ಚಪ್ಪಲಿ ಹಾಕ್ಕೊಂಡ್ನೋ ಇಲ್ವೋ ಗೊತ್ತಿಲ್ಲ, ಓಡಿದೆ. ಆಕೇನ ಒಳಗೆ ಕರ್ಕೊಂಡು ಹೋಗಿದ್ರು. ಆಕೆ ತಾಯಿ ಹೊರಗೆ ನಿಂತಿದ್ರು. ನಾನ್ಯಾರು ಅಂತ ಗೊತ್ತಾಗಿ, ಒಂದೇ ಮಾತು ಕೇಳಿದ್ರು: 'ನೀನೂ ಹೆಂಗಸಲ್ವೇನಮ್ಮಾ?' ಬೈದಿದ್ರೆ ಚೆನ್ನಾಗಿತ್ತು."

ಮಗು ಅಂದೇ ಸಂಜೆ ಹುಟ್ಟಿತು. ತಾಯಿಗೆ ಸೊಂಟದಲ್ಲಿ ಪೆಟ್ಟು. ಮಗುವಿಗೆ ಏನೂ ಆಗಿರಲಿಲ್ಲ. ಅಳು ಕೇಳಿಸುವವರೆಗೆ ಕುರ್ಚಿಯಕ್ಕ ಆಸ್ಪತ್ರೆಯ ಮೆಟ್ಟಿಲ ಬಳಿ ಅತ್ತಿಂದಿತ್ತ ನಡೆದರು. ಕೇಳಿಸಿದ ಮೇಲೆ ಯಾರಿಗೂ ಹೇಳದೆ, ಮುರಿದ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಶೆಡ್ಡಿಗೆ ಬಂದರು.

ಗೂಟ ಹಾಗೇ ಇತ್ತು, ಒಂದು ಗೀರೂ ಬಿದ್ದಿರಲಿಲ್ಲ. ಸೀಳಿದ್ದು ಅದರ ಸುತ್ತಲಿನ ಮರ. ಪಟ್ಟಿಯ ದಪ್ಪ ಇಪ್ಪತ್ತು ಮಿಲಿಮೀಟರ್. ದೊಡ್ಡ ಮಷಿನ್ನಿನ ಅತಿ ಸಣ್ಣ ಅಲಗು ಕೊರೆದ ಕಂಡಿಯೇ ಹತ್ತು. ಕಂಡಿಯ ಆಚೆ ಈಚೆ ಉಳಿದಿದ್ದ ಮರ ಬಿಸ್ಕತ್ತಿನಷ್ಟು ತೆಳ್ಳಗೆ. "ಗೂಟಕ್ಕೆ ಮರ ಬೇಕಲ್ಲ ಹಿಡ್ಕೊಳ್ಳೋಕೆ! ನಾವು ಮರಾನೇ ತೆಗೆದು ಗೂಟಕ್ಕೆ ಜಾಗ ಮಾಡಿದ್ವಿ."

ಕೊಟ್ಟ ಕುರ್ಚಿಗಳನ್ನೆಲ್ಲ ಹಿಂದಕ್ಕೆ ತರೋಣ ಎಂದರು ತಂಗಿ. ಅಣ್ಣನಿಗೆ ಇನ್ನೂ ಅನುಮಾನ. ಒಂದು ಹಲಗೆ ಕೆಟ್ಟದ್ದಿರಬಹುದು, ಅದಕ್ಕೆ ಊರೆಲ್ಲ ಡಂಗುರ ಹೊಡೆಯುವುದೇಕೆ ಎಂದರು. ತಂಗಿ, ಮಾರದೆ ಉಳಿದಿದ್ದ ಹೊಚ್ಚ ಹೊಸ ಕುರ್ಚಿಯನ್ನು ತಂದು ಅವರ ಕಣ್ಣೆದುರೇ ಆ ಜೋಡಣೆಯನ್ನು ಗರಗಸದಿಂದ ಉದ್ದಕ್ಕೆ ಕೊಯ್ದರು. ಒಳಗೆ ಕೂದಲೆಳೆಯಂಥ ಬಿರುಕು. ಯಾರೂ ಕೂರದ ಕುರ್ಚಿ ಅದು. ಗೂಟ ಬಡಿಯುವಾಗಲೇ ಬಿಟ್ಟಿತ್ತು. ಅಣ್ಣ ಮರುದಿನ ಬೆಳಿಗ್ಗೆಯೇ ಬಾಡಿಗೆ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದರು.

ಅಣ್ಣ ತಂಗಿ ಇಬ್ಬರೂ ಕುರ್ಚಿ ಕೊಟ್ಟ ಮನೆ ಮನೆಗೆ ಹೋದರು. ಕೆಲವರು ಬೈದರು, ಕೆಲವರು ನೀರು ಕೊಟ್ಟರು. ನಿವೃತ್ತ ಮೇಷ್ಟ್ರೊಬ್ಬರು ಕುರ್ಚಿ ಬಿಟ್ಟು ಏಳಲೇ ಇಲ್ಲವಂತೆ. "'ನಾನು ದಿನಾ ಕೂರ್ತೀನಿ, ಏನೂ ಆಗಿಲ್ಲ' ಅಂದ್ರು. 'ಆಗೋ ಮುಂಚೆ ಕೊಟ್ಬಿಡಿ ಸಾರ್' ಅಂದೆ. 'ಅಲ್ಲೀವರೆಗೆ ಎಲ್ಲಿ ಕೂರ್ಲಿ?' ಅಂದ್ರು. ಕೊನೆಗೆ ನಮ್ಮನೆ ಕುರ್ಚೀನ ತಂದುಕೊಟ್ಟೆ. ನನ್ನ ಗಂಡ ಅಲ್ಲೀವರೆಗೂ ನೆಲದ ಮೇಲೆ ಕೂತು ಊಟ ಮಾಡಿದ್ರು, 'ಡ್ರೈವರ್ ಸೀಟೊಂದನ್ನ ಕಿತ್ಕೊಂಡು ಹೋಗ್ಬೇಡ ಮಾರಾಯ್ತಿ' ಅಂತ."

ಹಿಂದಕ್ಕೆ ತಂದದ್ದಾಯಿತು, ಸರಿ ಮಾಡುವುದು ಹೇಗೆ? ಯಂತ್ರದ ಅಂಗಡಿಯವನು ದೊಡ್ಡದೇ ಸಾಕು, ಎಲ್ಲಕ್ಕೂ ಆಗುತ್ತದೆ ಎಂದ. ಪಟಗಳಿಗೆ ಕಟ್ಟು ಹಾಕುವ ಪರಿಚಯದವರೊಬ್ಬರ ಹತ್ತಿರ ಸಣ್ಣ ಮಷಿನ್ನಿತ್ತು. ಅದನ್ನು ಕೇಳಿ ತಂದು, ಸಿಕ್ಕಿದ ತುಂಡು ಮರಕ್ಕೆಲ್ಲ ಬೇರೆ ಬೇರೆ ಅಲಗಿನಲ್ಲಿ ಕಂಡಿ ಕೊರೆದು ಜೋಡಿಸಿ, ಮುರಿದು ನೋಡತೊಡಗಿದರು. ಈಗ ತೀರಾ ಸಣ್ಣದೇ ಒಳ್ಳೆಯದು ಎಂಬ ಹುರುಪು. ನಾಲ್ಕು ಮಿಲಿಮೀಟರ್ ಗೂಟ ಹಾಕಿ ಮಾಡಿದ ಕುರ್ಚಿಯಲ್ಲಿ ಅಣ್ಣನನ್ನು ಕೂರಿಸಿ ಹಿಂದಕ್ಕೆ ವಾಲಲು ಹೇಳಿದರು. ಮರ ಉಳಿಯಿತು, ಗೂಟ ಲಟಕ್ಕೆಂದಿತು, ಅಣ್ಣ ಮರದ ಹೊಟ್ಟಿನ ರಾಶಿಯ ಮೇಲೆ ಬಿದ್ದರು.

"ಚಿಕ್ಕಂದಿನಿಂದ ಈ ಮೈಗೆ ಬೈಗುಳ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಅವತ್ತು ಮೊದಲ್ನೇ ಸಲ 'ಅಣ್ಣಾ, ನಿನ್ನ ತೂಕ ಬೇಕಿತ್ತು' ಅಂತ ಕರೆದಳು" ಎಂದು ಅಣ್ಣ ನಗುತ್ತಾರೆ.

ಬಿದ್ದು ಎದ್ದು ಕಡೆಗೆ ನಿಂತದ್ದು ಆರರ ಅಲಗಿಗೆ, ಅಂದರೆ ಪಟ್ಟಿಯ ದಪ್ಪದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕಂಡಿ, ಎರಡು ಕಡೆ ಒಂದೊಂದು ಪಾಲು ಮರ. ಅಣ್ಣ ವಾಲಿದರು, ಕುಲುಕಾಡಿದರು, ಮುನಿಸಿನಿಂದ ಕುಪ್ಪಳಿಸಿಯೂ ನೋಡಿದರು. ಕುರ್ಚಿ ಮಿಸುಕಲಿಲ್ಲ. ಆಮೇಲೆ ತಮ್ಮದೇ ಒಂದು ಸಣ್ಣ ಮಷಿನ್ನು ಕೊಂಡರು. ಹಳೆಯ ಕುರ್ಚಿಗಳ ಪಟ್ಟಿಗಳನ್ನೆಲ್ಲ ತೆಗೆದು, ಹಿಂಗಾಲುಗಳನ್ನೂ ಹೊಸದಾಗಿ ಮಾಡಿ ಜೋಡಿಸಿದರು. ಆ ಮಳೆಗಾಲವೆಲ್ಲ ಅದೇ ಕೆಲಸ, ಹೊಸದೇನನ್ನೂ ಮಾಡಲಿಲ್ಲ.

ಈಗ ಹಗಲೇರಿದೆ. ಬೀದಿಯಲ್ಲಿ ಸೈಕಲ್ಲುಗಳ ಗಂಟೆ ಕೇಳಿಸುತ್ತಿದೆ. ಅಣ್ಣ ಮಂಚದ ಉದ್ದ ಪಟ್ಟಿಯೊಂದನ್ನು ಮೇಜಿಗೆ ಬಿಗಿದು, ಕೈಗೆ ಹಗುರವೆಂದು ಸಣ್ಣ ಮಷಿನ್ನು ಎತ್ತಿಕೊಳ್ಳುತ್ತಾರೆ.

"ಅಣ್ಣಾ, ಅದಲ್ಲ."

"ಇದೂ ನಡೆಯುತ್ತೆ ಬಿಡೇ. ಎರಡು ಕಂಡಿ ಜಾಸ್ತಿ ಹೊಡೀತೀನಿ."

"ಅಷ್ಟು ದಪ್ಪ ಮರಕ್ಕೆ ಆ ಚೋಟುದ್ದದ ಗೂಟ ಎಲ್ಲಿ ಸಾಲುತ್ತೆ? ಮೇಲೆ ಮಕ್ಕಳು ಕುಣೀತಾರೆ. ದೊಡ್ಡದನ್ನ ತಗೋ."

ಅಣ್ಣ ಗೊಣಗುತ್ತಲೇ ದೊಡ್ಡದನ್ನು ಎತ್ತುತ್ತಾರೆ. ಶೆಡ್ಡು ನಡುಗುವಂತೆ ಅದು ಕೂಗಿಕೊಳ್ಳುತ್ತದೆ. ಸದ್ದು ನಿಲ್ಲುವವರೆಗೆ ತಂಗಿ ಅಲ್ಲಿಂದ ಕದಲುವುದಿಲ್ಲ. ನಿಂತ ಕೂಡಲೇ ಕಂಡಿಯೊಳಗೆ ಬೆರಳು ತೂರಿಸಿ ಆಳ ನೋಡುತ್ತಾರೆ.

ನೆಂಟರ ಮನೆಗೆ ಹೋದರೂ ಇದೇ ಕಥೆ ಎಂದು, ಇವತ್ತು ರಜೆಯಿದ್ದು ಶೆಡ್ಡಿಗೆ ಬಂದಿರುವ ಬಸ್ ಡ್ರೈವರ್ ಗಂಡ ನನ್ನ ಹತ್ತಿರ ದೂರುತ್ತಾರೆ. ಕೂರಿ ಅಂದರೆ ಕೂರುವುದಿಲ್ಲ, ಕುರ್ಚಿಯನ್ನು ಮಗುಚಿ ಅಡಿ ನೋಡುತ್ತಾಳೆ. "ಹೆಣ್ಣು ನೋಡೋಕೆ ಹೋದ ಮನೇಲೂ ಹಂಗೇ ಮಾಡಿದ್ಳು. ನನ್ನ ತಮ್ಮನಿಗೆ ಸಂಬಂಧ ಕುದುರಿದ್ದೇ ಪುಣ್ಯ."

ಆಸ್ಪತ್ರೆಯವರು ಕುರ್ಚಿಗಳನ್ನು ಮೊದಲು ವಾಪಸು ತೆಗೆದುಕೊಳ್ಳಲಿಲ್ಲ, ಕಬ್ಬಿಣದವನ್ನು ಹಾಕಿಸಿಕೊಂಡಿದ್ದರು. ಹಿರಿಯ ಡಾಕ್ಟರಮ್ಮ ಒಂದು ದಿನ ಶೆಡ್ಡಿಗೇ ಬಂದು, ಸುಮ್ಮನೆ ಒಂದರಲ್ಲಿ ಕೂತು, ಒರಗಿ, ಎರಡನ್ನು ಕಳಿಸಿ ನೋಡೋಣ ಎಂದರು. ಆ ಎರಡು ಈಗ ಕಿಟಕಿಯ ಪಕ್ಕದಲ್ಲಿವೆ. ಕುರ್ಚಿಯಕ್ಕ ಆ ದಾರಿಯಲ್ಲಿ ಹೋದಾಗಲೆಲ್ಲ ಒಳಹೊಕ್ಕು, ಒಂದು ಸಲ ಅಲುಗಿಸಿ ಬರುತ್ತಾರೆ. ಆಯಾ ಈಗ ಅದಕ್ಕೆ ನಗುವುದನ್ನೂ ಬಿಟ್ಟಿದ್ದಾರೆ.

ಹೋದ ತಿಂಗಳು ಹೀಗೆ ಹೋದಾಗ, ಅಂದು ಬಿದ್ದಿದ್ದ ಆ ತಾಯಿ ಅಲ್ಲಿದ್ದರು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದವರು. ಕೋಣೆ ತುಂಬಿತ್ತು, ಕಿಟಕಿಯ ಪಕ್ಕದ ಮರದ ಕುರ್ಚಿಯೊಂದು ಖಾಲಿಯಿತ್ತು. ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಗೋಡೆಗೆ ಒರಗಿ ನಿಂತೇ ಇದ್ದರು.

"ಕೂತ್ಕೊಳಿ ಅನ್ನೋ ಮಾತು ಬಾಯಿವರೆಗೂ ಬಂತು. ಹೇಳಲಿಲ್ಲ. ನಾನು ಹೇಳಿ ಕೂರೋದಲ್ಲ ಅದು. ಮಗೂನ ಮಾತಾಡಿಸಿದೆ, ಬೆರಳು ಹಿಡ್ಕೊಂಡ್ತು, ಬಂದ್ಬಿಟ್ಟೆ."

ಇವರು ಮರದ ಹೊಟ್ಟು ಮೆತ್ತಿದ ಅಂಗೈಗಳನ್ನು ಒಂದಕ್ಕೊಂದು ಉಜ್ಜುತ್ತಾರೆ. ಮುಂದೆ ಏನಾಗಬೇಕು ಅಂತ ಆಸೆ ಎಂದು ಕೇಳುತ್ತೇನೆ. ದೊಡ್ಡ ಅಂಗಡಿ, ಹೆಸರು, ಇನ್ನಷ್ಟು ಕೆಲಸ ಎಂದೇನೋ ಹೇಳಿಯಾರೆಂದು ನನ್ನ ಎಣಿಕೆ.

"ಯಾವತ್ತಾದ್ರೂ ಒಂದಿನ ಆಕೆ ಬರ್ಬೇಕು, ಸುಸ್ತಾಗಿರ್ಬೇಕು, ನನ್ನ ಕುರ್ಚಿ ಮೇಲೆ ಕೂರ್ಬೇಕು" ಎನ್ನುತ್ತಾರೆ ಕುರ್ಚಿಯಕ್ಕ. "ಎದ್ದು ಮನೆಗೆ ಹೋದ ಮೇಲೂ, ತಾನು ಯಾವುದರ ಮೇಲೆ ಕೂತಿದ್ದೆ ಅಂತ ಆಕೆಗೆ ನೆನಪಾಗ್ಬಾರದು."